ಆಲೆಮನೆಯಲ್ಲಿ 438, ಮನೆಯಲ್ಲಿ 171: ಒಂದು ಸಕ್ಕರೆ ಕಾಯಿಲೆ ಪತ್ತೆಯಾದ ಬಗೆ

ರೋಗಿ 47 ವರ್ಷದ ಗಂಡಸು. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವರು. ನಾಲ್ಕು ಎಕರೆ ಕಬ್ಬು, ಜೊತೆಗೆ ಒಂದು ಸಣ್ಣ ಆಲೆಮನೆ. ಸಂಬಂಧದಲ್ಲಿ ನನಗೆ ಭಾವ, ಅಕ್ಕನ ಗಂಡ. ನಾನು ಮಂಡ್ಯದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನ ಬೆಳಗಾದರೆ ರಕ್ತ ತೆಗೆಯುವುದು, ಶುಗರ್ ನೋಡುವುದೇ ಕೆಲಸ. ಭಾವ ಮತ್ತು ಅಕ್ಕ ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಗಾಗಿ ಬಿಟ್ಟಿದ್ದೇನೆ.

ಪೂರ್ತಿ ಬರೆದಿಡಲು ಒಂದು ಕಾರಣವಿದೆ. ಈ ಪ್ರಕರಣದಲ್ಲಿ ಮೊದಲು ಬಂದ ನಂಬರ್ ತಪ್ಪು, ಆದರೆ ಕಾಯಿಲೆ ನಿಜ. ನಂಬರ್ ತಪ್ಪು ಅಂತ ಗೊತ್ತಾದ ಕೂಡಲೇ ಮನೆಯವರು ಕಾಯಿಲೆಯೂ ಇಲ್ಲ ಅಂದುಕೊಂಡುಬಿಟ್ಟರು. ಮನೆಯಲ್ಲಿ ಶುಗರ್ ನೋಡಿಕೊಳ್ಳುವವರು ಈಗ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಇದೇ ಜಾಗದಲ್ಲಿ ಎಡವುವವರನ್ನು ನಾನು ತುಂಬಾ ನೋಡಿದ್ದೇನೆ.

ಮೊದಲೇ ಕಂಡಿದ್ದ ಲಕ್ಷಣಗಳು

ಶುಗರ್ ನೋಡುವುದಕ್ಕೆ ಸುಮಾರು ಆರು ತಿಂಗಳ ಮೊದಲಿಂದಲೇ ಭಾವ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು. ಬಾಯಾರಿಕೆ ಜಾಸ್ತಿ. ಮಲಗುವಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇಡುತ್ತಿದ್ದ ಅಕ್ಕ, ಆಮೇಲೆ ದೊಡ್ಡ ಬಾಟಲಿಯನ್ನೇ ಇಡಲು ಶುರು ಮಾಡಿದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಆಲೆಮನೆ ಒಲೆಯ ಮುಂದೆ ದಿನವಿಡೀ ಇರುವವರಿಗೆ ಬಾಯಾರಿಕೆ ಸಹಜ, ನೀರು ಕುಡಿದರೆ ಮೂತ್ರವೂ ಸಹಜ ಅಂತ ಎಲ್ಲರ ಲೆಕ್ಕ.

ತೂಕ 81 ಕಿಲೋದಿಂದ 76ಕ್ಕೆ ಇಳಿದಿತ್ತು. ಅದಕ್ಕೆ ಸೀಸನ್ ಓಡಾಟ ಅಂದರು. ಪೇಪರ್ ಓದಲು ಕಷ್ಟವಾಯಿತು, ನಲವತ್ತೈದು ದಾಟಿತಲ್ಲ ಅಂತ ಕನ್ನಡಕದ ಅಂಗಡಿಗೆ ಹೋಗಿ ಹೊಸದು ಹಾಕಿಸಿಕೊಂಡರು. ಒಂದೇ ತಿಂಗಳಿಗೆ ಅದೂ ಸರಿ ಕಾಣಲಿಲ್ಲ. ಸಕ್ಕರೆ ಏರಿಳಿದಾಗ ಕಣ್ಣಿನೊಳಗಿನ ಮಸೂರದಲ್ಲಿ ನೀರಿನ ಅಂಶ ಬದಲಾಗುತ್ತದೆ. ಅದರ ಜೊತೆ ಕನ್ನಡಕದ ನಂಬರೂ ಬದಲಾಗುತ್ತದೆ. ಸಕ್ಕರೆ ಒಂದು ಹದಕ್ಕೆ ಬಂದು ಕೆಲವು ವಾರ ಕಳೆಯುವ ತನಕ ಕನ್ನಡಕಕ್ಕೆ ದುಡ್ಡು ಹಾಕುವುದು ದಂಡ. ಕಡಿಮೆ ಸಮಯದಲ್ಲಿ ಎರಡು ಸಲ ನಂಬರ್ ಬದಲಾದರೆ ಮೊದಲು ಶುಗರ್ ನೋಡಿಸಿ.

ಕಬ್ಬಿನ ಕೂಳೆ ಚುಚ್ಚಿ ಪಾದದ ಪಕ್ಕ ಒಂದು ಗಾಯವಾಗಿತ್ತು. ತಿಂಗಳು ಕಳೆದರೂ ಮಾಯಲಿಲ್ಲ. ಅದಕ್ಕೆ ಅರಿಶಿನ ಹಚ್ಚುತ್ತಿದ್ದರು.

ಇನ್ನೊಂದು ಲಕ್ಷಣವನ್ನು ಭಾವ ಅಕ್ಕನಿಗೂ ಹೇಳಿರಲಿಲ್ಲ. ಗುಪ್ತಾಂಗದ ತುದಿಯಲ್ಲಿ ತುರಿಕೆ, ಬಿಳಿ ಪದರ, ಉರಿ. ಮೆಡಿಕಲ್ ಸ್ಟೋರಿನಲ್ಲಿ ಮೆಲ್ಲಗೆ ಕೇಳಿ ಒಂದು ಮುಲಾಮು ತಂದು ಹಚ್ಚಿಕೊಳ್ಳುತ್ತಿದ್ದರು. ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಮೂತ್ರದಲ್ಲಿ ಸಕ್ಕರೆ ಹೋಗುವಾಗ ಅಲ್ಲಿ ಶಿಲೀಂಧ್ರ ಬೆಳೆಯುವುದು ಸುಲಭ. ಹೆಂಗಸರಿಗೆ ಬಿಳಿಸೆರಗು, ತುರಿಕೆಯಾಗಿ ಕಾಣಿಸುವುದೂ ಇದೇ ಕಾರಣಕ್ಕೆ. ಎಷ್ಟೋ ಜನರಲ್ಲಿ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಇದೇ ಆಗಿರುತ್ತದೆ. ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಅಷ್ಟೇ. ಪದೇ ಪದೇ ಬರುತ್ತಿದ್ದರೆ ದಯವಿಟ್ಟು ಡಾಕ್ಟರ ಹತ್ತಿರ ಹೇಳಿಕೊಳ್ಳಿ. ಅವರಿಗೆ ಅದು ದಿನಾ ನೋಡುವ ವಿಷಯ.

ಒಂದೊಂದು ಲಕ್ಷಣಕ್ಕೂ ಒಂದೊಂದು ನೆಪ ಸಿಕ್ಕಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಮೂತ್ರ, ಬಾಯಾರಿಕೆ, ತೂಕ ಇಳಿತ, ಕಣ್ಣು ಮಂಜು, ಮಾಯದ ಗಾಯ, ತುರಿಕೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಬಂದರೆ ನೆಪ ಹುಡುಕುವ ಬದಲು ರಕ್ತ ಕೊಡುವುದೇ ಸರಿ.

ಮೂತ್ರ ಯಾಕೆ ಜಾಸ್ತಿಯಾಗುತ್ತದೆ ಅಂದರೆ, ರಕ್ತದಲ್ಲಿರುವ ಸಕ್ಕರೆಯನ್ನು ಮೂತ್ರಪಿಂಡ ಸಾಮಾನ್ಯವಾಗಿ ಆಚೆ ಬಿಡುವುದಿಲ್ಲ, ವಾಪಸ್ ಹೀರಿಕೊಳ್ಳುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 180 ಮಿಲಿಗ್ರಾಂ ದಾಟಿದರೆ ಅದಕ್ಕೂ ಸಾಧ್ಯವಾಗುವುದಿಲ್ಲ. ಕೆರೆ ತುಂಬಿ ಕೋಡಿ ಬಿದ್ದ ಹಾಗೆ ಸಕ್ಕರೆ ಮೂತ್ರಕ್ಕೆ ಹರಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೂತ್ರಕ್ಕೆ ಇರುವೆ ಮುತ್ತುತ್ತದೆ ಅಂತ ಹಳಬರು ಹೇಳುತ್ತಿದ್ದದ್ದು ಇದೇ. ಆದರೆ ಆಲೆಮನೆ ಸುತ್ತ ಇರುವೆ ಇಲ್ಲದ ಜಾಗವೇ ಇಲ್ಲ, ಯಾರು ಗಮನಿಸುತ್ತಾರೆ? ಅಲ್ಲದೆ ಸಕ್ಕರೆ 150, 160ರಲ್ಲೇ ಇರುವವರಿಗೆ ಕಾಯಿಲೆ ಇದ್ದರೂ ಇರುವೆ ಬರುವುದಿಲ್ಲ. ಅದನ್ನು ನಂಬಿ ಕೂರಬಾರದು.

ಬೆಲ್ಲ ತಿಂದೇ ಬಂತಾ?

ಊರಿನವರು ಕೇಳಿದ ಮೊದಲ ಪ್ರಶ್ನೆ ಇದು. ಬೆಲ್ಲ ಮಾಡುವವನಿಗೆ ಸಕ್ಕರೆ ಕಾಯಿಲೆ ಬರದೆ ಇರುತ್ತದಾ ಅಂತ. ಕಾರಣ ಅಷ್ಟು ಸರಳವಾಗಿಲ್ಲ. ಭಾವನ ತಾಯಿಗೆ ಶುಗರ್ ಇತ್ತು. ಮೊದಲು ಭಾವ ತಾವೇ ಕಬ್ಬು ಕಡಿದು, ಹೊತ್ತು, ಗಾಣಕ್ಕೆ ಕೊಡುತ್ತಿದ್ದರು. ಕೆಲವು ವರ್ಷಗಳಿಂದ ಆಳುಗಳು ಮಾಡುತ್ತಾರೆ, ಇವರು ಕುರ್ಚಿ ಹಾಕಿಕೊಂಡು ಲೆಕ್ಕ ನೋಡುತ್ತಾರೆ. ಹೊಟ್ಟೆ ಬಂದಿತ್ತು. ಗದ್ದೆಗೂ ಬೈಕು.

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು 2005ರಲ್ಲಿ ಭಾರತೀಯರಿಗೇ ಅಂತ ಒಂದು ಅಂಕದ ಲೆಕ್ಕ ಪ್ರಕಟಿಸಿದರು. ರಕ್ತ ತೆಗೆಯದೆ, ಒಂದು ಟೇಪ್ ಇದ್ದರೆ ಮನೆಯಲ್ಲೇ ಲೆಕ್ಕ ಹಾಕಬಹುದು. ಭಾವನದ್ದು ಹೀಗೆ ಬಂತು: 35ರಿಂದ 49ರ ಒಳಗಿನ ವಯಸ್ಸಿಗೆ 20. ಸೊಂಟದ ಸುತ್ತಳತೆ 97 ಸೆಂಟಿಮೀಟರ್, ಗಂಡಸರಿಗೆ 90ರಿಂದ 99ಕ್ಕೆ 10. ವ್ಯಾಯಾಮವಿಲ್ಲ, ಮೈಬಗ್ಗಿಸುವ ಕೆಲಸವೂ ಇಲ್ಲ, ಅದಕ್ಕೆ 30. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದದ್ದಕ್ಕೆ 10. ಒಟ್ಟು 70. 60 ಅಥವಾ ಅದಕ್ಕೆ ಮೇಲಿದ್ದರೆ ಅಪಾಯ ಜಾಸ್ತಿ ಅಂತ ಅರ್ಥ. ಇದರಲ್ಲಿ ಬೆಲ್ಲದ ಪ್ರಶ್ನೆಯೇ ಇಲ್ಲ ನೋಡಿ. ಬೆಲ್ಲ, ಸಕ್ಕರೆ ಜಾಸ್ತಿ ತಿಂದರೆ ತೂಕ ಏರುತ್ತದೆ, ಕಾಯಿಲೆ ಬಂದವರಿಗೆ ರಕ್ತದ ಸಕ್ಕರೆ ನೇರವಾಗಿ ಏರುತ್ತದೆ. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಅಂತ ಶುಗರ್ ಇದ್ದವರು ಬೆಲ್ಲದ ಕಾಫಿ ಕುಡಿಯುವುದನ್ನು ನಾನು ಒಪ್ಪುವುದಿಲ್ಲ. ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಅದೇ ಸುಕ್ರೋಸ್.

ಆಲೆಮನೆಯಲ್ಲಿ ಚುಚ್ಚಿದ್ದು

ಪಕ್ಕದ ಗದ್ದೆಯವರೊಬ್ಬರಿಗೆ ಶುಗರ್ ಇದೆ. ಅವರ ಮಗ ಹೊಸ ಗ್ಲುಕೋಮೀಟರ್, ಅಂದರೆ ಮನೆಯಲ್ಲೇ ಶುಗರ್ ನೋಡುವ ಮಿಶಿನ್, ತಂದಿದ್ದ. ಒಂದು ಸಂಜೆ ಅದನ್ನು ಆಲೆಮನೆಗೆ ತಂದು, ಎಲ್ಲರಿಗೂ ನೋಡ್ತೀನಿ ಅಂತ ಶುರು ಮಾಡಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಭಾವ ಆಗತಾನೆ ಅಚ್ಚಿಗೆ ಪಾಕ ಸುರಿಯುವುದನ್ನು ನೋಡಿಕೊಂಡು, ಹದ ಪರೀಕ್ಷೆ ಮಾಡಿ ಬಂದಿದ್ದರು. ಕೈಯನ್ನು ಹೆಗಲ ಟವೆಲ್ಲಿಗೆ ಒರೆಸಿಕೊಂಡು ಬೆರಳು ಕೊಟ್ಟರು. ನಂಬರ್ 438 ಬಂತು.

ಅಲ್ಲಿಂದ ಗಾಬರಿ. ಆ ಹುಡುಗನ ತಂದೆ ತಮ್ಮ ಮಾತ್ರೆಯ ಒಂದು ಪಟ್ಟಿಯನ್ನೇ ತಂದು ಕೊಟ್ಟರು. "ನಂಗೆ ಇದ್ರಲ್ಲೇ ಹತೋಟಿಗೆ ಬಂದದ್ದು, ಇವತ್ತೇ ಒಂದು ನುಂಗು" ಅಂದರು. ಮತ್ತೊಬ್ಬರು ಇನ್ಸುಲಿನ್ ಗಿಡದ ಎಲೆ ಕಿತ್ತು ತಂದರು. ಅಕ್ಕ ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡು ನನಗೆ ಫೋನ್ ಮಾಡಿದಳು. ಈ ಇಡೀ ಪ್ರಕರಣದಲ್ಲಿ ಸರಿಯಾದ ಮೊದಲ ಹೆಜ್ಜೆ ಅವಳದ್ದು.

ನಾನು ಮೊದಲು ಕೇಳಿದ್ದು ನಂಬರ್ ಬಗ್ಗೆ ಅಲ್ಲ. ವಾಂತಿ ಇದೆಯಾ? ಹೊಟ್ಟೆ ನೋವು? ಉಸಿರು ಜೋರಾಗಿ ಆಡುತ್ತಿದೆಯಾ? ಮಂಕು, ತೂಕಡಿಕೆ, ಮಾತು ತೊದಲುವುದು ಏನಾದರೂ? ಇವುಗಳಲ್ಲಿ ಒಂದಿದ್ದರೂ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಬೇಕು. ಮತ್ತೆ ಮತ್ತೆ ನೋಡಿದಾಗಲೂ ಸಕ್ಕರೆ 300ರ ಮೇಲೇ ಇದ್ದು ಈ ಲಕ್ಷಣಗಳಿದ್ದರೆ ಮನೆಯಲ್ಲಿ ಕೂತು ಯೋಚನೆ ಮಾಡುವ ಹೊತ್ತಲ್ಲ ಅದು. ಭಾವನಿಗೆ ಇದ್ಯಾವುದೂ ಇರಲಿಲ್ಲ. ಚೆನ್ನಾಗೇ ಮಾತಾಡುತ್ತಿದ್ದರು.

ಆಮೇಲೆ ಕೇಳಿದ್ದು ಕೈ ಬಗ್ಗೆ. "ಭಾವ ಕೈ ತೊಳೆದಿದ್ರಾ ಅಕ್ಕಾ?"

"ಎಲ್ಲಿ ತೊಳೀತಾರೆ? ಪಾಕದ ಹತ್ರನೇ ಇದ್ರು ಕಣೋ."

ಸೋಪು ಹಾಕಿ, ಉಗುರಿನ ಸಂದಿ ಸೇರಿಸಿ ಎರಡು ಸಲ ಕೈ ತೊಳೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಸೂಜಿ, ಹೊಸ ಸ್ಟ್ರಿಪ್ (ಮೀಟರಿಗೆ ಸಿಗಿಸಿ ರಕ್ತ ತಾಗಿಸುವ ಪಟ್ಟಿ) ಹಾಕಿ, ಬೇರೆ ಕೈ ಬೆರಳಿಗೆ ಚುಚ್ಚಿ ಅಂದೆ. ಈ ಸಲ 236 ಬಂತು.

ಒಂದು ಬೆರಳಿನ ಅಂಟು ಇನ್ನೂರು ಅಂಕ ಏರಿಸುತ್ತದಾ ಅಂತ ಅನುಮಾನ ಬರಬಹುದು. ಲೆಕ್ಕ ಹಾಕಿ ನೋಡೋಣ. ಮೀಟರಿಗೆ ಬೇಕಾದ ರಕ್ತ ಒಂದು ಮೈಕ್ರೋಲೀಟರ್ ಅಥವಾ ಇನ್ನೂ ಕಡಿಮೆ. ಸಕ್ಕರೆ 236 ಇರುವ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಗ್ಲೂಕೋಸ್ ಇರುವುದು ಸುಮಾರು 2.4 ಮೈಕ್ರೋಗ್ರಾಂ. ಅದು 438 ಆಗಲು ಇನ್ನು ಎರಡು ಮೈಕ್ರೋಗ್ರಾಂ ಸೇರಿದರೆ ಸಾಕು. ಅಂದರೆ ಒಂದು ಗ್ರಾಮನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ಕಣ್ಣಿಗೆ ಕಾಣುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮೀಟರ್ ಅಳೆಯುವುದು ಗ್ಲೂಕೋಸನ್ನು. ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸ್, ಅದನ್ನು ಸ್ಟ್ರಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಸುಕ್ರೋಸಿನ ಒಂದು ಭಾಗ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಜೋನಿಬೆಲ್ಲದಲ್ಲಿ ಇದು ಇನ್ನೂ ಜಾಸ್ತಿ. ಕಬ್ಬು, ಬೆಲ್ಲ ಮುಟ್ಟುವ ನಮ್ಮ ಜಿಲ್ಲೆಯ ಜನ ಇದನ್ನು ವಿಶೇಷವಾಗಿ ನೆನಪಿಡಬೇಕು. ಬಾಳೆಹಣ್ಣು, ಮಾವಿನಹಣ್ಣು, ದ್ರಾಕ್ಷಿ ಮುಟ್ಟಿದ ಕೈಯೂ ಅಷ್ಟೇ. ಸ್ಪಿರಿಟ್ ಹತ್ತಿಯಲ್ಲಿ ಸುಮ್ನೆ ಒಂದು ಸಲ ಒರೆಸಿದರೆ ಹಣ್ಣಿನ ಸಕ್ಕರೆ ಪೂರ್ತಿ ಹೋಗುವುದಿಲ್ಲ. ನೀರು, ಸೋಪೇ ಬೇಕು.

236ರ ಸಮಾಧಾನ

ನಿಜವಾದ ಅಪಾಯ ಬಂದದ್ದು ಇಲ್ಲಿ. 438 ಕೇಳಿದ ಮನೆಯವರಿಗೆ 236 ಅಂದರೆ ಅರ್ಧಕ್ಕರ್ಧ ಇಳಿದ ಹಾಗೆ ಕೇಳಿಸಿತು. ಭಾವ ಫೋನ್ ತೆಗೆದುಕೊಂಡು, "ಮಿಶಿನ್ನೇ ಸುಳ್ಳು ಕಣಪ್ಪ, ನಂಗೇನೂ ಇಲ್ಲ" ಅಂದರು. ದನಿಯಲ್ಲಿ ಸಂತೋಷ ಇತ್ತು. ಅದನ್ನು ಮುರಿಯುವುದು ನನಗೂ ಕಷ್ಟವಾಯಿತು. ಆದರೂ ಹೇಳಲೇಬೇಕಿತ್ತು.

ತಿಂಡಿ ತಿಂದು ಸುಮಾರು ಎರಡು ಗಂಟೆ ಆಗಿತ್ತು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಆ ಹೊತ್ತಿಗೆ 140ರ ಒಳಗೆ ಬಂದಿರುತ್ತದೆ. ಮೂತ್ರ, ಬಾಯಾರಿಕೆ, ತೂಕ ಇಳಿತದ ಲಕ್ಷಣ ಇರುವ ಮನುಷ್ಯನ ರಕ್ತದಲ್ಲಿ ಯಾವ ಹೊತ್ತಿನಲ್ಲಾದರೂ 200 ಅಥವಾ ಮೇಲೆ ಬಂದರೆ, ಅದು ಲ್ಯಾಬಿನ ಪರೀಕ್ಷೆಯಾಗಿದ್ದರೆ, ಕಾಯಿಲೆ ಇದೆ ಅಂತ ಹೇಳಲು ಅಷ್ಟೇ ಸಾಕು. ಇಲ್ಲಿ ಮೀಟರಿನ ಪರೀಕ್ಷೆ, ಹಾಗಾಗಿ ಇದೆ ಅಂತ ನಾನು ಹೇಳಲಿಲ್ಲ. ಇಲ್ಲ ಅಂತ ಹೇಳಲೂ ಬಿಡಲಿಲ್ಲ. 236ನ್ನು 438ರ ಪಕ್ಕ ಇಟ್ಟು ನೋಡಬೇಡಿ ಭಾವ, 140ರ ಪಕ್ಕ ಇಟ್ಟು ನೋಡಿ ಅಂದೆ. ಬೆಳಿಗ್ಗೆ ಕಾಫಿಗೂ ಮೊದಲು ಮತ್ತೆ ನೋಡೋಣ, ರಾತ್ರಿ ಊಟ ಆದ ಮೇಲೆ ಎಂಟು ಗಂಟೆ ಬರೀ ನೀರು ಅಂತ ಹೇಳಿ ಫೋನ್ ಇಟ್ಟೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 171. ಮರುದಿನ 164. ಅದರ ಮರುದಿನ 182. ಮೂರು ದಿನವೂ ಕೈ ತೊಳೆದೇ ನೋಡಿದ್ದು.

ಮೀಟರ್ ಮೇಲೆ ಎಷ್ಟು ನಂಬಿಕೆ ಇಡಬೇಕು ಅಂತ ಜನ ಕೇಳುತ್ತಾರೆ. ಮೀಟರುಗಳಿಗೆ ಐಎಸ್‌ಒ 15197 ಅಂತ ಒಂದು ಅಂತಾರಾಷ್ಟ್ರೀಯ ಮಾನದಂಡ ಇದೆ. 2013ರ ಆವೃತ್ತಿಯ ಪ್ರಕಾರ ಸಕ್ಕರೆ 100 ಅಥವಾ ಮೇಲಿದ್ದಾಗ ನೂರಕ್ಕೆ 95 ಸಲ ನಂಬರ್ ಲ್ಯಾಬಿನ ಮೌಲ್ಯಕ್ಕಿಂತ ಶೇಕಡ 15ರಷ್ಟು ಆಚೀಚೆ ಒಳಗಿರಬೇಕು. ಈಗ 171ಕ್ಕೆ ಆ ಅಂತರ ಬಿಟ್ಟು ನೋಡಿ. ಕೆಳಗೆ ಸುಮಾರು 145, ಮೇಲೆ ಸುಮಾರು 197. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಮೇಲಿದ್ದರೆ ಕಾಯಿಲೆಯ ಮಟ್ಟ. ಮೀಟರಿಗೆ ಪೂರ್ತಿ ರಿಯಾಯಿತಿ ಕೊಟ್ಟರೂ ಭಾವನ ನಂಬರ್ ಆ ಗೆರೆಯ ಮೇಲೇ ಉಳಿಯುತ್ತದೆ. ಒಂದು ವೇಳೆ 130 ಬಂದಿದ್ದರೆ ಕಥೆ ಬೇರೆ. ಅದು 110ರಿಂದ 150ರ ತನಕ ಎಲ್ಲಿ ಬೇಕಾದರೂ ಇರಬಹುದು. ಅಂಥ ನಂಬರ್ ಹಿಡಿದುಕೊಂಡು ಹೆದರುವುದೂ ತಪ್ಪು, ಮಲಗುವುದೂ ತಪ್ಪು. ಎರಡಕ್ಕೂ ಮುಂದಿನ ದಾರಿ ಲ್ಯಾಬೇ.

ಲ್ಯಾಬಿನಲ್ಲಿ

ತಾಲ್ಲೂಕು ಆಸ್ಪತ್ರೆಗೆ ಹೋದರು. ಖಾಲಿ ಹೊಟ್ಟೆ 174, ಊಟದ ಎರಡು ಗಂಟೆ ಮೇಲೆ 262, ಎಚ್‌ಬಿಎ1ಸಿ 8.6. ಕೊನೆಯದು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕ ಇದು. 5.7ರ ಒಳಗಿದ್ದರೆ ಸರಿ, 5.7ರಿಂದ 6.4 ಗಡಿ, 6.5 ಮತ್ತು ಮೇಲೆ ಕಾಯಿಲೆ. 8.6 ಅಂದರೆ ದಿನದ ಸರಾಸರಿ ಸುಮಾರು 200. ಖಾಲಿ ಹೊಟ್ಟೆಯದ್ದಕ್ಕೂ ಹೀಗೇ ಮೂರು ಮಟ್ಟ: 100ರ ಒಳಗೆ, 100ರಿಂದ 125, 126 ಮತ್ತು ಮೇಲೆ. ಲಕ್ಷಣ ಇಲ್ಲದವರಿಗೆ ಒಂದೇ ಪರೀಕ್ಷೆಯ ಮೇಲೆ ಕಾಯಿಲೆ ಅನ್ನಬಾರದು, ಎರಡು ಪರೀಕ್ಷೆ ಒಪ್ಪಬೇಕು. ಭಾವನಿಗೆ ಎಲ್ಲವೂ ಒಂದೇ ಮಾತು ಹೇಳಿದವು.

ಲ್ಯಾಬಿನವನಾಗಿ ಒಂದು ಮಾತು. ಸಕ್ಕರೆಗೆ ರಕ್ತ ಕೊಡುವಾಗ ಬೂದು ಬಣ್ಣದ ಮುಚ್ಚಳದ ಟ್ಯೂಬಿಗೆ ಹಾಕುತ್ತಾರಾ ನೋಡಿ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಅದಿಲ್ಲದ ಟ್ಯೂಬಿನಲ್ಲಿ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇಕಡ 5ರಿಂದ 7 ಇಳಿಯುತ್ತದೆ. ರಕ್ತ ತೆಗೆದ ಊರು ಒಂದು, ಪರೀಕ್ಷೆ ಮಾಡುವ ಊರು ಇನ್ನೊಂದು ಆಗಿದ್ದರೆ ಇದು ಮುಖ್ಯ.

ಡಾಕ್ಟರು ಮೆಟ್‌ಫಾರ್ಮಿನ್ ಬರೆದರು, ಸಕ್ಕರೆ ಇಳಿಸುವ ಮಾತ್ರೆ, ಊಟದ ಜೊತೆ. ರಕ್ತದೊತ್ತಡ, ಕೊಬ್ಬು, ಮೂತ್ರಪಿಂಡ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದರು. ತೂಕ ಇಳಿದಿದ್ದರಿಂದ ಕೆಮ್ಮು, ಸಂಜೆ ಜ್ವರ ಇದೆಯಾ ಅಂತಲೂ ಕೇಳಿದರು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಸಾಧ್ಯತೆ ಜಾಸ್ತಿ, ಅದಕ್ಕೆ. ಪಾದದ ಗಾಯಕ್ಕೆ ಅರಿಶಿನ ನಿಲ್ಲಿಸಿ ಡ್ರೆಸ್ಸಿಂಗ್ ಮಾಡಿಸಿದರು. ತುರಿಕೆಯ ವಿಷಯ ಹೊರಗೆ ಬಂದದ್ದೂ ಅಲ್ಲೇ.

ಪಕ್ಕದವರು ಕೊಟ್ಟ ಮಾತ್ರೆಯ ಬಗ್ಗೆ ಹೇಳಲೇಬೇಕು. ಅದರಲ್ಲಿ ಗ್ಲಿಮೆಪಿರೈಡ್ ಇತ್ತು. ಇದು ಮೇದೋಜೀರಕ ಗ್ರಂಥಿಯಿಂದ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಜಾಸ್ತಿ ಹೊರಡಿಸುವ ಔಷಧ. ಊಟ ತಡವಾದರೆ ಸಕ್ಕರೆ 70ರ ಕೆಳಗೆ ಇಳಿಯಬಹುದು. ಬೆವರು, ನಡುಕ, ಎದೆ ಹೊಡೆತ, ಕಣ್ಣು ಕತ್ತಲೆ. ಆಲೆಮನೆಯಲ್ಲಿ ಬೆವರು ಯಾರಿಗೆ ಇಲ್ಲ? ಅಲ್ಲಿ ಬೆವರಿದರೆ ಯಾರೂ ಅನುಮಾನ ಪಡುವುದಿಲ್ಲ. ಪಕ್ಕದಲ್ಲೇ ಕುದಿಯುವ ಕೊಪ್ಪರಿಗೆ. ಅಲ್ಲಿ ತಲೆಸುತ್ತಿದರೆ ಏನಾಗುತ್ತದೆ ಅಂತ ಯೋಚಿಸಲೂ ಆಗುವುದಿಲ್ಲ. ಅದೂ ಬೆಲ್ಲದ ಬೆರಳಿನ 438 ನಂಬಿ ನುಂಗುವ ಮಾತ್ರೆ. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದನ್ನು ನಮ್ಮ ಹಳ್ಳಿಗಳಲ್ಲಿ ಪ್ರೀತಿ ಅಂತ ತಿಳಿಯುತ್ತಾರೆ. ದಯವಿಟ್ಟು ಬೇಡ. ಇಂಥ ಔಷಧ ತೆಗೆದುಕೊಳ್ಳುವವರು ಯಾರಾದರೂ ಹಾಗೆ ನಡುಗಿದರೆ, ಎಚ್ಚರ ಇದ್ದಾಗಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಎಲೆ, ಹಾಗಲಕಾಯಿ ರಸ, ಮೆಂತ್ಯದ ಬಗ್ಗೆ ಜಗಳ ಆಡಲು ನನಗೆ ಇಷ್ಟವಿಲ್ಲ. ಪಲ್ಯ ಮಾಡಿ ತಿನ್ನಿ. ಮಾತ್ರೆ ಬಿಟ್ಟು ಅದನ್ನು ಹಿಡಿಯಬೇಡಿ.

ಮುದ್ದೆಯ ಲೆಕ್ಕ

ನನಗೆ ಈ ಪ್ರಕರಣದಲ್ಲಿ ಅತಿ ಇಷ್ಟವಾದ ಭಾಗ ಇದು. ಮನೆಗೆ ಒಂದು ಮೀಟರ್ ಬಂತು. ಭಾವ ದಿನಾ ಬೆಳಿಗ್ಗೆ ಒಂದು ಸಲ ಚುಚ್ಚಿ ನಂಬರ್ ಬರೆದಿಡುತ್ತಿದ್ದರು. ಒಳ್ಳೆಯದೇ, ಆದರೆ ಅದರಿಂದ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಸ್ಟ್ರಿಪ್ಪಿಗೆ ದುಡ್ಡು ಬೇರೆ. ಹಾಗಾಗಿ ಒಂದು ಪ್ರಶ್ನೆ ಇಟ್ಟುಕೊಂಡು ಜೋಡಿಯಾಗಿ ನೋಡಿ ಅಂದೆ. ಊಟಕ್ಕೆ ಕೂರುವ ಮೊದಲು ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು.

ಭಾವನ ವಾದ ಏನೆಂದರೆ, ರಾಗಿ ಶುಗರಿಗೆ ಒಳ್ಳೆಯದು, ಮುದ್ದೆ ಎಷ್ಟು ತಿಂದರೂ ಏನಾಗಲ್ಲ. ಮಂಡ್ಯದಲ್ಲಿ ಇದನ್ನು ಎದುರಿಸಿ ಮಾತಾಡುವುದು ಸುಲಭವಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ನಿಜ. ಆದರೆ ರಾಗಿ ಹಿಟ್ಟಿನಲ್ಲಿ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ನುಣ್ಣಗೆ ಬೀಸಿ, ಬೇಯಿಸಿ, ನುಂಗುವ ಮುದ್ದೆ ಬೇಗನೇ ಸಕ್ಕರೆಯಾಗುತ್ತದೆ. ಭಾವ ಮಧ್ಯಾಹ್ನಕ್ಕೆ ಎರಡು ದೊಡ್ಡ ಮುದ್ದೆ, ಉಪ್ಸಾರು, ಆಮೇಲೆ ಒಂದಿಷ್ಟು ಅನ್ನ. ಊಟಕ್ಕೆ ಮೊದಲು 148, ಎರಡು ಗಂಟೆಗೆ 251.

ಇನ್ನೊಂದು ದಿನ ಅಕ್ಕ ಒಂದೇ ಮುದ್ದೆ ಕಟ್ಟಿದಳು, ಮೊದಲಿನದಕ್ಕಿಂತ ಸಣ್ಣದು. ಬಸ್ಸಾರಿಗೆ ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆಯ ಅರ್ಧ. ಅನ್ನ ಎರಡು ಹಿಡಿ, ಮಜ್ಜಿಗೆ. ಊಟ ಮುಗಿಸಿ ಗದ್ದೆ ಬದುವಿನ ಮೇಲೆ ನಡೆದು ಬಂದರು. ಊಟಕ್ಕೆ ಮೊದಲು 142, ಆಮೇಲೆ 179. ಸಕ್ಕರೆ ಕಾಯಿಲೆ ಇರುವವರಿಗೆ ಊಟದ ಮೇಲೆ 180ರ ಒಳಗೆ, ಊಟಕ್ಕೆ ಮೊದಲು 80ರಿಂದ 130 ಅಂತ ಸಾಮಾನ್ಯವಾಗಿ ಗುರಿ ಇಡುತ್ತಾರೆ. ಹತ್ತು ಜನ ಕಡಿಮೆ ತಿನ್ನು ಅಂದಾಗ ಕೇಳದ ಭಾವ ಆ ಎರಡು ಜೋಡಿ ನಂಬರ್ ನೋಡಿ ತಾವೇ ಮುದ್ದೆ ಇಳಿಸಿದರು. ಮುದ್ದೆ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ.

ಒಂದು ವಿಷಯ: ಊಟದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ತೋಳಿನ ರಕ್ತಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಹಾಗಾಗಿ ಮೀಟರಿನ ನಂಬರನ್ನು ಲ್ಯಾಬಿನ ನಂಬರಿನ ಜೊತೆ ಹೋಲಿಸಬೇಕಾದರೆ ಖಾಲಿ ಹೊಟ್ಟೆಯಲ್ಲೇ ಹೋಲಿಸಿ.

ಅಕ್ಕನಿಗೆ ಕಲಿಸಿಕೊಟ್ಟದ್ದು

ಮೀಟರ್ ಈಗ ಅಕ್ಕನ ಜವಾಬ್ದಾರಿ. ಬೆರಳ ತುದಿಯ ನಡುವೆ ಚುಚ್ಚಬೇಡ, ಪಕ್ಕಕ್ಕೆ ಚುಚ್ಚು, ನೋವು ಕಡಿಮೆ. ರಕ್ತ ಬರದಿದ್ದರೆ ಕೈ ಕೆಳಗೆ ಬಿಟ್ಟು, ಬುಡದಿಂದ ಮೆಲ್ಲಗೆ ನೀವು. ಗಟ್ಟಿಯಾಗಿ ಹಿಂಡಿದರೆ ಮಾಂಸದ ನೀರು ಬೆರೆತು ನಂಬರ್ ಕೆಡುತ್ತದೆ. ಕೈ ತೊಳೆಯಲು ಸಾಧ್ಯವೇ ಇಲ್ಲದ ಜಾಗದಲ್ಲಿ ಮೊದಲ ಹನಿ ಒರೆಸಿ ಎರಡನೇ ಹನಿ ತಗೋ, ಆದರೆ ಬೆಲ್ಲದ ಕೈಯಾಗಿದ್ದರೆ ಆ ಪರೀಕ್ಷೆಯೇ ಬೇಡ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬಾರದು, ತೇವ ತಾಗಿದರೆ ಕೆಟ್ಟಿತು. ಬಹಳಷ್ಟು ಡಬ್ಬಿಗಳ ಮೇಲೆ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಿ ಅಂತ ಇರುತ್ತದೆ. ಆಲೆಮನೆಯಲ್ಲಿ, ಬೈಕಿನ ಡಿಕ್ಕಿಯಲ್ಲಿ, ಅಡುಗೆಮನೆ ಒಲೆಯ ಮೇಲಿನ ಶೆಲ್ಫಿನಲ್ಲಿ ಇಡಬಾರದು. ಫ್ರಿಜ್ಜಿನಲ್ಲೂ ಬೇಡ. ತೆರೆದ ತಾರೀಕನ್ನು ಡಬ್ಬಿಯ ಮೇಲೇ ಬರೆಯಬೇಕು, ತೆರೆದ ಮೇಲೆ ಎಷ್ಟು ತಿಂಗಳು ಅನ್ನುವುದು ಕಂಪನಿಗೆ ತಕ್ಕ ಹಾಗೆ ಬೇರೆ ಬೇರೆ.

ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡ. ಆ ಸಂಜೆ ಆಲೆಮನೆಯಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಚುಚ್ಚಿದ್ದರು. ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು. ಚುಚ್ಚಿಸಿಕೊಂಡವರೆಲ್ಲ ಡಾಕ್ಟರಿಗೆ ಈ ವಿಷಯ ಹೇಳಿ ಪರೀಕ್ಷೆ ಮಾಡಿಸಿಕೊಳ್ಳಲಿ ಅಂತ ಹೇಳಿ ಕಳಿಸಿದ್ದೇನೆ. ಬಳಸಿದ ಸೂಜಿ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹೋಗಬೇಕು, ತಿಪ್ಪೆಗೆ ಅಲ್ಲ.

ಬರೆಯುವಾಗ ಬರೀ ನಂಬರ್ ಬರೆಯಬಾರದು. ಹೊತ್ತು, ಏನು ತಿಂದದ್ದು, ತಿಂದು ಎಷ್ಟು ಹೊತ್ತಾಯಿತು, ಮಾತ್ರೆ ತಗೊಂಡಿದ್ದಾ. ಇವಿಲ್ಲದ ನಂಬರಿನಿಂದ ಡಾಕ್ಟರಿಗೂ ಉಪಯೋಗ ಕಡಿಮೆ.

ಮನೆಯ ಉಳಿದವರು

ಅಕ್ಕನದ್ದೂ ನೋಡಿಸಿದೆವು. ಖಾಲಿ ಹೊಟ್ಟೆ 97, ಆದರೆ ಎಚ್‌ಬಿಎ1ಸಿ 6.0. ಹಿಮೋಗ್ಲೋಬಿನ್ 9.1 ಇತ್ತು, ಅದು ಕಡಿಮೆ. ಕಬ್ಬಿಣದ ಅಂಶ ಕಡಿಮೆ ಇರುವ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮೀಟರ್ ಕೂಡ ರಕ್ತಹೀನತೆ ಇರುವವರಲ್ಲಿ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು, ರಕ್ತ ಸರಿಯಾದ ಮೇಲೆ ಮತ್ತೆ ನೋಡೋಣ ಅಂದರು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನೋಡಿದರೆ, ಎರಡನ್ನೂ ಜೊತೆಗೇ ನೋಡಿಸುವುದು ಒಳ್ಳೆಯದು.

2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ 10 ಲಕ್ಷ, ಗಡಿಯಲ್ಲಿರುವವರು ಸುಮಾರು 13 ಕೋಟಿ 60 ಲಕ್ಷ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ಉಚಿತವಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಮನೆಗೆ ಬಂದಾಗ ಸೊಂಟದ ಅಳತೆ ಕೊಡಲು ನಾಚಿಕೆ ಪಡಬೇಡಿ. ಭಾವನ ಮನೆಗೂ ಆಕೆ ಬಂದಿದ್ದರು. ಭಾವ ಆಗ ಆಲೆಮನೆಯಲ್ಲಿದ್ದರು, ಆಮೇಲೆ ಹೋಗಿ ಬರೆಸಲಿಲ್ಲ.

ಈಗ

ಮೂರು ತಿಂಗಳ ನಂತರ ಎಚ್‌ಬಿಎ1ಸಿ 7.1ಕ್ಕೆ ಬಂದಿದೆ. ರಾತ್ರಿ ಒಂದು ಸಲ ಏಳುತ್ತಾರೆ, ಕೆಲವು ದಿನ ಅದೂ ಇಲ್ಲ. ಗಾಯ ಮಾದಿದೆ, ತುರಿಕೆ ಹೋಗಿದೆ. ಪಾದಕ್ಕೆ ಚಪ್ಪಲಿ ಇಲ್ಲದೆ ಗದ್ದೆಗೆ ಇಳಿಯಬೇಡಿ ಅಂತ ಹೇಳಿದ್ದು ಇನ್ನೂ ಅರ್ಧ ಮಾತ್ರ ನಡೆಯುತ್ತಿದೆ. ವಾರಕ್ಕೆ ಎರಡು ದಿನ ಜೋಡಿ ಪರೀಕ್ಷೆ, ಹೊಸ ಊಟ ಏನಾದರೂ ಮಾಡಿದ ದಿನ ಇನ್ನೊಂದು. ಅದಕ್ಕಿಂತ ಜಾಸ್ತಿ ಅವರಿಗೆ ಈಗ ಬೇಕಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ.

ಕಣ್ಣಿನ ಒಳಪದರದ ಪರೀಕ್ಷೆ ಬಾಕಿ ಇದೆ. ಈ ಬಗೆಯ (ಟೈಪ್ 2) ಸಕ್ಕರೆ ಕಾಯಿಲೆಯಲ್ಲಿ ಪತ್ತೆಯಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಬೇಕು. ಕಾಯಿಲೆ ಎಷ್ಟು ದಿನದಿಂದ ಒಳಗಿತ್ತು ಅಂತ ಯಾರಿಗೂ ತಿಳಿದಿರುವುದಿಲ್ಲ, ಅದಕ್ಕೆ. ಸೀಸನ್ ಮುಗೀಲಿ ಅಂದರು ಭಾವ. ನಾನು ಒಪ್ಪಲಿಲ್ಲ. ಮುಂದಿನ ವಾರಕ್ಕೆ ಮೈಸೂರಿನಲ್ಲಿ ತಾರೀಕು ತೆಗೆದುಕೊಂಡಿದ್ದೇನೆ. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ, ಬೈಕ್ ಓಡಿಸುವ ಹಾಗಿಲ್ಲ. ಹಾಗಾಗಿ ಅಕ್ಕನೂ ಜೊತೆಗೆ ಬಸ್ಸಿನಲ್ಲಿ ಬರುತ್ತಾಳೆ.